ಬಿಚ್ಚಬಾರದ ಪಟ್ಟಿ

ಕಾಫಿಪುಡಿಯ ಡಬ್ಬಿ ತೆರೆದಾಗ ಬರುವ ವಾಸನೆ ಎಲ್ಲರಿಗೂ ಬೆಳಗನ್ನು ನೆನಪಿಸುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಕುಡಿಯುವ ಕಾಫಿಯ ಮೇಲೆ ನನಗೇನೂ ದ್ವೇಷವಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಲೋಟ ಇಳಿಯದಿದ್ದರೆ ನಾನು ಮನುಷ್ಯನ ಹಾಗೆ ಇರುವುದಿಲ್ಲ ಎಂದು ಹೆಂಡತಿಯೇ ಸರ್ಟಿಫಿಕೇಟು ಕೊಟ್ಟಿದ್ದಾಳೆ. ನನ್ನ ಸಿಟ್ಟು ಲೋಟಕ್ಕೆ ಹೋಗುವ ಪುಡಿಯ ಮೇಲಲ್ಲ, ಗಾಯಕ್ಕೆ ಹೋಗುವ ಪುಡಿಯ ಮೇಲೆ.

ಹೋದ ವಾರ ಕುಕ್ಕರಿನ ಹಬೆ ತಾಗಿ ನನ್ನ ಬಲಗೈ ಮಣಿಕಟ್ಟು ಸುಟ್ಟಿತು. ಪ್ರೆಶರ್ ಇಳಿಯುವ ಮುಂಚೆಯೇ ವೆಯ್ಟ್ ಎತ್ತಲು ಹೋದವನು ನಾನೇ. ಅದರ ಬಗ್ಗೆ ಮನೆಯಲ್ಲಿ ಆಗಬೇಕಾದ ಮಾತೆಲ್ಲ ಆಗಿದೆ. ನಲ್ಲಿಯ ತಣ್ಣೀರಿಗೆ ಕೈ ಹಿಡಿದು, ಡಾಕ್ಟರಿಗೆ ತೋರಿಸಿ, ಅವರು ಅಂಟಿಸಿದ ಪಟ್ಟಿಯೊಂದಿಗೆ ನಡುಮನೆಯಲ್ಲಿ ಕೂತೆ. ಮರುದಿನ ಸಂಜೆ ಹೆಂಡತಿ ಕಾಫಿ ತಂದಿಟ್ಟಳು. ಇನ್ನೇನು ಲೋಟ ಎತ್ತಬೇಕು, ಎದುರು ಮನೆಯ ಶೇಷಗಿರಿಯವರು ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಯಾರಿಗೆ ಏನಾದರೂ ಮೊದಲು ಓಡಿ ಬರುವವರು, ಕೆಟ್ಟವರು ಎನ್ನಲು ಒಂದು ಕಾರಣವೂ ಸಿಗದ ಮನುಷ್ಯ. ಕೈಯಲ್ಲಿ ಪೇಪರಿನ ಪೊಟ್ಟಣವಿತ್ತು. ಕುರ್ಚಿ ಎಳೆದುಕೊಂಡು ನನ್ನ ಮಣಿಕಟ್ಟಿನ ಮೇಲೆ ಬಗ್ಗಿ, "ತೆಗೀರಿ ಸಾರ್, ಒಂದ್ಸಲ ನೋಡೋಣ" ಎಂದರು. ಹಾಗೆನ್ನುತ್ತಲೇ ಪೊಟ್ಟಣ ಬಿಚ್ಚಿದರು. ಕಾಫಿಪುಡಿಯ ವಾಸನೆ ಮೂಗಿಗೆ ಬಡಿಯಿತು.

ಅಲ್ಲಿಗೆ ನಾನು ಶಿವಮೊಗ್ಗದ ನಮ್ಮ ನಡುಮನೆಯಲ್ಲಿ ಇರಲಿಲ್ಲ. ಭದ್ರಾವತಿಯ ಕಾಗದನಗರದಲ್ಲಿ, ಸುಶೀಲತ್ತೆಯ ಕ್ವಾರ್ಟರ್ಸಿನಲ್ಲಿದ್ದೆ. ಶೇಷಗಿರಿಯವರು ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿರಲಿ. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಔಷಧಿ ಕಂಪನಿಯೊಂದರ ರೆಪ್ ಆಗಿದ್ದೆ. ರೆಪ್ ಎಂದರೆ ನಿಮಗೆ ಗೊತ್ತಿರಬೇಕು. ಕ್ಲಿನಿಕ್ಕಿನ ಬೆಂಚಿನ ಮೇಲೆ ನೀವು ಜ್ವರದಿಂದ ನರಳುತ್ತಿರುವಾಗ ಟೈ ಕಟ್ಟಿಕೊಂಡು ಬಂದು, ನಿಮ್ಮ ಕಡೆಗೊಂದು ನಗೆ ಬೀರಿ, ನಿಮಗಿಂತ ಮುಂಚೆ ಒಳಗೆ ಹೋಗುವವನು. ನೀವು ಬೈದುಕೊಂಡದ್ದೆಲ್ಲ ನನಗೆ ಕೇಳಿಸಿದೆ. ಶಿವಮೊಗ್ಗ, ಭದ್ರಾವತಿ ಎರಡೂ ನನ್ನ ಪಾಲಿಗಿದ್ದವು. ಚರ್ಮದ ಬ್ಯಾಗು ಹೊತ್ತು, ಬಸ್ಸಿನಲ್ಲಿ ಒಣ ಮೀನಿನ ಬುಟ್ಟಿಗೂ ಅಡಿಕೆ ಮೂಟೆಗೂ ನಡುವೆ ನಿಂತು, ಟೈ ಯಾರ ಕೈಗೂ ಸಿಕ್ಕಿಕೊಳ್ಳದ ಹಾಗೆ ಅಂಗಿಯ ಜೇಬಿನೊಳಗೆ ಮಡಚಿಟ್ಟುಕೊಂಡು ಓಡಾಡುತ್ತಿದ್ದೆ.

ಆ ವರ್ಷ ಕಂಪನಿ ಹೊಸದೊಂದು ಸರಕು ತಂದಿತ್ತು. ಗಾಯದ ಮೇಲೆ ಅಂಟಿಸುವ ದಪ್ಪನೆಯ ಹಾಳೆ. ಬಟ್ಟೆಯೂ ಅಲ್ಲ, ರಬ್ಬರೂ ಅಲ್ಲ. ಗಾಯದಿಂದ ಒಸರುವ ನೀರನ್ನು ಹೀರಿಕೊಂಡು ಒಳಗೇ ಲೋಳೆಯಾಗುತ್ತದೆ, ಆ ಲೋಳೆಯ ಹಸಿಯಲ್ಲಿ ಹೊಸ ಚರ್ಮ ನಿಧಾನವಾಗಿ ಹಬ್ಬುತ್ತದೆ. ದಿನಾ ಬಿಚ್ಚಬೇಕಾಗಿಲ್ಲ, ಬಿಚ್ಚಲೂಬಾರದು. ಟ್ರೇನಿಂಗಿನಲ್ಲಿ ಇದನ್ನು ಕೇಳಿದಾಗ ನನಗೆ ಖುಷಿಯಾದದ್ದು ನಿಜ. ಅದುವರೆಗೆ ಕೆಮ್ಮಿನ ಸಿರಪ್ಪು ಮಾರಿ ಬೇಸತ್ತಿದ್ದೆ.

ಆದರೆ ಕಂಪನಿಯವರ ಜಾಣತನ ಎಂಥದು ನೋಡಿ. ಆ ಹಾಳೆಯ ಬಣ್ಣಕ್ಕೆ 'ಮೈಬಣ್ಣ' ಎಂದು ಹೆಸರು. ಭದ್ರಾವತಿಯ ಬಸ್ ಸ್ಟ್ಯಾಂಡಿನಲ್ಲಿ ಹಗಲೆಲ್ಲ ನಿಂತು ಹುಡುಕಿದರೂ ಆ ಬಣ್ಣದ ಮೈ ಸಿಗುತ್ತಿರಲಿಲ್ಲ. ಹೊಳೆಯುವ ಕಾಗದದ ಮೇಲೆ ಅಚ್ಚಾಗಿದ್ದ ಚಿತ್ರಗಳಲ್ಲಿ ಗುಲಾಬಿ ಕಾಲುಗಳು, ಗುಲಾಬಿ ಗಾಯಗಳು, ಗುಲಾಬಿಯಾಗಿಯೇ ವಾಸಿಯಾಗುತ್ತಿದ್ದವು. ನಮ್ಮವರ ಕಾಲಿನ ಗಾಯ ವಾಸಿಯಾಗುವಾಗ ಹೇಗೆ ಕಾಣುತ್ತದೆ ಎಂದು ತೋರಿಸುವ ಒಂದು ಚಿತ್ರವೂ ಇರಲಿಲ್ಲ. ಪೊಟ್ಟಣದೊಳಗಿನ ಸೂಚನೆ ಎಷ್ಟೋ ದೇಶದ ಭಾಷೆಗಳಲ್ಲಿತ್ತು, ಕನ್ನಡದಲ್ಲಿ ಮಾತ್ರ ಇರಲಿಲ್ಲ. 'ಒಳಗೆ ಹಳದಿ ಲೋಳೆಯಾಗುತ್ತದೆ, ವಾಸನೆ ಬರುತ್ತದೆ, ಹೆದರಬೇಡಿ' ಎಂದು ಒಂದೇ ಒಂದು ಸಾಲನ್ನು ಕನ್ನಡದಲ್ಲಿ ಹಾಕಿ ಎಂದು ನಾನು ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿದೆ. ಮ್ಯಾನೇಜರು ನಕ್ಕು, ಡಾಕ್ಟರುಗಳಿಗೆಲ್ಲ ಇಂಗ್ಲಿಷ್ ಬರುತ್ತದಲ್ಲ ಎಂದರು. ಗಾಯ ಡಾಕ್ಟರಿಗೆ ಆಗಿರುವುದಿಲ್ಲ ಎಂಬ ಉತ್ತರ ನನಗೆ ಹೊಳೆದದ್ದು ಬಸ್ಸಿನಲ್ಲಿ ವಾಪಸು ಬರುವಾಗ.

ಸುಶೀಲತ್ತೆ ನನ್ನ ಅಪ್ಪನ ತಂಗಿ. ಮಾವ ಕಾಗದದ ಕಾರ್ಖಾನೆಯಲ್ಲಿದ್ದರು. ಅತ್ತೆಗೆ ನಲವತ್ತು ದಾಟುವ ಹೊತ್ತಿಗೇ ಸಕ್ಕರೆ ಕಾಯಿಲೆ ಬಂದಿತ್ತು. ಸಿಹಿ ಎಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು, ಒಂದು ದಿನವೂ ಗೊಣಗದೆ ಸಿಹಿ ಬಿಟ್ಟಳು. ಅವಳಿಗೆ ಉಳಿದ ಸುಖ ಒಂದೇ, ಕಾಫಿ. ಬೀಜ ತಂದು ತಾನೇ ಹುರಿದು, ಅಂಗಡಿಯಲ್ಲಿ ಎದುರಿಗೆ ನಿಂತು ಪುಡಿ ಮಾಡಿಸಿಕೊಂಡು ಬರುತ್ತಿದ್ದಳು. ಸಕ್ಕರೆ ಹಾಕದ ಆ ಕಡುಗಪ್ಪು ಡಿಕಾಕ್ಷನ್ನಿಗೆ ಎರಡು ಚಮಚ ಹಾಲು ಬೆರೆಸಿ, ಹಿತ್ತಲ ಮೆಟ್ಟಿಲ ಮೇಲೆ ಕೂತು, ಯಾರೊಂದಿಗೂ ಮಾತಾಡದೆ ಕುಡಿಯುತ್ತಿದ್ದಳು. "ಸಕ್ಕರೆ ಬಿಡು ಅಂದ್ರು, ಬಿಟ್ಟೆ. ಅನ್ನ ಕಡಿಮೆ ಮಾಡು ಅಂದ್ರು, ಮಾಡ್ದೆ. ನನ್ನ ಕಾಫಿ ತಂಟೆಗೆ ಮಾತ್ರ ಯಾರೂ ಬರಬೇಡಿ" ಎಂದು ಮಾವನಿಗೆ ಕೇಳುವಂತೆ ಹೇಳುತ್ತಿದ್ದಳು.

ಮಾವ ಹೊಸ ಬೈಕು ಕೊಂಡಿದ್ದರು. ಸಂತೆಯಿಂದ ಬಂದು ಬೈಕು ನಿಲ್ಲಿಸಿದಾಗ, ಅತ್ತೆ ಹ್ಯಾಂಡಲಿಗೆ ತೂಗುಬಿಟ್ಟಿದ್ದ ತರಕಾರಿ ಚೀಲ ತೆಗೆಯಲು ಬಲಬದಿಗೆ ಬಂದಳು. ಸೀರೆ ಕೆಸರಾಗಬಾರದೆಂದು ನೆರಿಗೆ ಎತ್ತಿ ಹಿಡಿದಿದ್ದಳು. ಮೀನಖಂಡ ಕಾದ ಸೈಲೆನ್ಸರಿಗೆ ತಾಗಿತು. ಆ ಕಾಲದಲ್ಲಿ ಬೈಕಿದ್ದ ಯಾವ ಮನೆಯಲ್ಲಿ ಯಾವ ಹೆಂಗಸಿನ ಕಾಲಿನ ಮೇಲೆ ಈ ಮುದ್ರೆ ಇರಲಿಲ್ಲ ಹೇಳಿ. ಉಳಿದವರದು ವಾರದಲ್ಲಿ ಮಾಯುತ್ತಿತ್ತು. ಅತ್ತೆಯದು ಮಾಯಲಿಲ್ಲ.

ಗಾಯಕ್ಕೆ ಮೊದಲು ಕಾಫಿಪುಡಿ ತಂದು ಒತ್ತಿದವಳು ಪಕ್ಕದ ಕ್ವಾರ್ಟರ್ಸಿನ ಪದ್ಮಕ್ಕ. ಅತ್ತೆಗೆ ಅಕ್ಕನ ಹಾಗಿದ್ದವಳು. ಒಂದು ಮನೆಯ ಸಾರು ಇನ್ನೊಂದು ಮನೆಗೆ ಹೋಗದ ದಿನವೇ ಇರಲಿಲ್ಲ. ಪುಡಿ ಗಟ್ಟಿಯಾಗಿ ಹೆಪ್ಪಾಯಿತು, ಅದರ ಕೆಳಗೆ ಗಾಯ ಕೊಳೆಯಿತು. ಆಮೇಲೆ ಅಲ್ಲೇ ಹತ್ತಿರವಿದ್ದ ಒಬ್ಬನಿಂದ ದಿನಾ ಡ್ರೆಸ್ಸಿಂಗು. ಅವನು ಡಾಕ್ಟರಲ್ಲ, ಡಾಕ್ಟರ ಹತ್ತಿರ ಇದ್ದು ಬಂದವನು. ನಿನ್ನೆ ಕಟ್ಟಿದ ಬಟ್ಟೆ ಗಾಯಕ್ಕೆ ಒಣಗಿ ಹಿಡಿದುಕೊಂಡಿರುತ್ತಿತ್ತು. ಅವನು ಅದನ್ನು ಒಂದೇ ಎಳೆತಕ್ಕೆ ಕೀಳುತ್ತಿದ್ದ. ಹೊಸದಾಗಿ ಹುಟ್ಟಿದ ಚಿಗುರು ಚರ್ಮ ಬಟ್ಟೆಯ ಜೊತೆಗೇ ಎದ್ದು ಬರುತ್ತಿತ್ತು. ಮೇಲೆ ಉರಿಯುವ ನೀರು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಸುತ್ತ ನಿಂತವರು, "ಉರಿತಿದೆಯಲ್ಲ, ಹಾಗಾದ್ರೆ ಔಷಧಿ ಹಿಡೀತಿದೆ" ಎಂದು ಸಮಾಧಾನ ಹೇಳುತ್ತಿದ್ದರು.

ನನಗೆ ಇವತ್ತಿಗೂ ಮೈ ಉರಿಯುವುದು ಈ ಮಾತಿಗೆ. ನೋವಾದರೆ ಮಾತ್ರ ಔಷಧಿ ಎಂದು ನಮಗೆ ಕಲಿಸಿದವರು ಯಾರು? ಹಲ್ಲು ಕಚ್ಚಿ ಸಹಿಸಿದರೆ ಒಳ್ಳೆಯ ರೋಗಿ, ಅಯ್ಯೋ ಎಂದರೆ ನಾಜೂಕು. ಅದರಲ್ಲೂ ಹೆಂಗಸು ನೋವು ತಿಂದಷ್ಟೂ ನೋಡುವವರಿಗೆ ಏನೋ ಸಮಾಧಾನ. ದಿನಾ ಗಾಯವನ್ನು ಹರಿದು ಹೊಸದು ಮಾಡಿ, ಇನ್ನೂ ಯಾಕೋ ಮಾಯ್ತಿಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು.

ನೋಡಲು ಬರುವವರ ವಿಷಯವಂತೂ ಕೇಳಲೇಬೇಡಿ. ಬ್ರೆಡ್ಡು, ಮೂಸಂಬಿ ಹಿಡಿದು ಬರುತ್ತಿದ್ದರು. ಕೂತ ಮೇಲೆ ಒಂದೇ ಮಾತು, "ಎಲ್ಲಿ, ಬಿಚ್ಚು, ನೋಡೋಣ." ಕಾಲು ನೋಡಲು ಬಂದ ಮೇಲೆ ಕಾಲು ನೋಡದೆ ಹೋಗುವುದು ಮರ್ಯಾದೆಯಲ್ಲ ಎನ್ನುವ ಹಾಗೆ. ಬಿಚ್ಚುತ್ತಿದ್ದರು, ಲೊಚಗುಟ್ಟುತ್ತಿದ್ದರು, ತಮ್ಮ ನಾದಿನಿಗೆ ಹೀಗೇ ಆಗಿ ಕೊನೆಗೆ ಏನಾಯಿತು ಎಂದು ವಿವರವಾಗಿ ಹೇಳುತ್ತಿದ್ದರು. ಬದನೆಕಾಯಿ ನಂಜು ಎಂದು ಒಬ್ಬರು, ಬೇಳೆ ನಂಜು ಎಂದು ಇನ್ನೊಬ್ಬರು, ಮೊಸರು ಕೀವಾಗುತ್ತದೆ ಎಂದು ಮತ್ತೊಬ್ಬರು. ಅವರೆಲ್ಲರ ಮಾತು ಕೇಳಿದ್ದರೆ ಅತ್ತೆಗೆ ತಿನ್ನಲು ಉಳಿಯುತ್ತಿದ್ದದ್ದು ತಟ್ಟೆ ಮಾತ್ರ. ಇಷ್ಟಾದ ಮೇಲೆ ಆ ಕುಂಟುಗಾಲಿನಲ್ಲಿ ಎದ್ದು ಹೋಗಿ ಅವರೆಲ್ಲರಿಗೂ ಕಾಫಿ ಮಾಡಿ ತಂದುಕೊಡುವವಳು ಯಾರು? ಅತ್ತೆಯೇ. ಅವಳ ಕಾಫಿಗೆ ಕಾಗದನಗರದಲ್ಲಿ ಹೆಸರಿತ್ತು. ಕಾಲು ನೋಡಲು ಬಂದವರಲ್ಲಿ ಕಾಫಿಗೆ ಬಂದವರು ಎಷ್ಟು ಎಂಬ ಅನುಮಾನ ನನಗೆ ಇನ್ನೂ ಇದೆ.

ನಾನು ಹಟ ಹಿಡಿದು ಅವಳನ್ನು ಶಿವಮೊಗ್ಗಕ್ಕೆ ಕರೆತಂದೆ. ನನಗೆ ಪರಿಚಯವಿದ್ದ ಸರ್ಜನ್ ಒಬ್ಬರು, ಮಾತು ಕಡಿಮೆಯ ಮನುಷ್ಯ, ಗಾಯವನ್ನು ತೊಳೆದು, ಸತ್ತದ್ದನ್ನೆಲ್ಲ ತೆಗೆದು, ಸಕ್ಕರೆ ಹತೋಟಿಗೆ ಬರಲು ಇಂಜೆಕ್ಷನ್ ಶುರುಮಾಡಿದರು. ಕೀವು ಪೂರ್ತಿ ನಿಂತ ಮೇಲೆ ನನ್ನ ಬ್ಯಾಗಿನ ಕಡೆ ಕೈ ಚಾಚಿ, "ಕೊಡಿ, ನಿಮ್ಮ ಸ್ಯಾಂಪಲ್ಲೇ ಹಾಕಿ ನೋಡೋಣ" ಎಂದರು. ಅಂಟಿಸಿದರು. ತಾವೇ ಬದಲಿಸುವವರೆಗೆ ಯಾರೂ ಬಿಚ್ಚಕೂಡದು ಎಂದರು. ಅತ್ತೆ ಆ ರಾತ್ರಿ ನಿದ್ದೆ ಮಾಡಿದಳಂತೆ.

ಮರುದಿನವೇ ಅವಳಿಗೆ ಚಿಂತೆ ಶುರುವಾಯಿತು. "ಉರಿಯೋದೇ ಇಲ್ಲವಲ್ಲ ಮಾರಾಯ. ಇದು ಔಷಧಿ ಹೌದಾ?" ಎಂದು ಫೋನಿನಲ್ಲಿ ಕೇಳಿದಳು. ನೋವಿಲ್ಲದ ಔಷಧಿಯ ಮೇಲೆ ಅವಳಿಗೇ ನಂಬಿಕೆ ಬರಲಿಲ್ಲ ಎಂದ ಮೇಲೆ ಉಳಿದವರ ಮಾತೇನು.

ಕೆಲವು ದಿನ ಕಳೆದು ನಾನು ಹೋದಾಗ ಪಟ್ಟಿ ಹಿತ್ತಲ ಕಸದ ಡಬ್ಬಿಯಲ್ಲಿತ್ತು. ಅತ್ತೆಯ ಕಾಲ ಮೇಲೆ ಕಾಫಿಪುಡಿ ಇತ್ತು. ಪಟ್ಟಿಯ ಅಂಚಿನಲ್ಲಿ ಹಳದಿ ಕಂಡಿದೆ, ವಾಸನೆ ಬಂದಿದೆ, ಪದ್ಮಕ್ಕ ಕೀವಾಗಿದೆ ಎಂದು ಕಿತ್ತು ಹಾಕಿದ್ದಾಳೆ. ವಾಸನೆಯಂತೆ. ಕಾಗದ ಬೇಯುವ ವಾಸನೆಯಲ್ಲೇ ಮಲಗಿ ಏಳುವ ಊರು ಅದು. ಹೊರಗಿನಿಂದ ಬಂದ ನೆಂಟರು ಬಸ್ಸಿಳಿಯುತ್ತಲೇ ಮೂಗು ಮುಚ್ಚಿಕೊಂಡರೆ, ಎಂಥ ವಾಸನೆ, ನಮಗೇನೂ ಬರ್ತಿಲ್ಲವಲ್ಲ ಎಂದು ಕೇಳುವ ಜನ. ಅಂಥವರ ಮೂಗಿಗೆ ಅಂಗೈಯಗಲದ ಪಟ್ಟಿಯ ವಾಸನೆ ತಡೆಯಲಾಗಲಿಲ್ಲ.

ನಾನು ಪದ್ಮಕ್ಕನ ಮೇಲೆ ಹರಿಹಾಯ್ದೆ. ಅದು ಕೀವಲ್ಲ, ಅದು ಹಾಗೇ ಇರಬೇಕಾದದ್ದು ಎಂದೆ. ಅವಳು ಜಗ್ಗಲಿಲ್ಲ.

"ಕಣ್ಣೆದುರಿಗೆ ಕೊಳೀತಾ ಇದ್ರೆ ನಾನು ಸುಮ್ನೆ ಕೂರ್ಲಾ ತಮ್ಮ? ನಿಂಗೇನು, ನೀನು ಅದನ್ನ ಮಾರೋನು. ಒಳ್ಳೇದು ಅಂತ ಹೇಳೇ ಹೇಳ್ತೀಯ. ನಾನು ಇವಳಿಗೆ ಏನು ಮಾರ್ಬೇಕು?"

ನಿಜ, ನಾನು ಮಾರುವವನು. ಟೈ ಕಟ್ಟಿದವನು. ನನ್ನ ಮಾತಿಗೆ ಕಂಪನಿಯ ಮೊಹರಿತ್ತು, ಅವಳ ಮಾತಿಗೆ ಪ್ರೀತಿ ಇತ್ತು. ಆದರೆ ಪ್ರೀತಿಯಿಂದ ಹಾಕಿದರೂ ಪುಡಿ ಪುಡಿಯೇ ಅಲ್ಲವೇ? ಗಾಯ ಮತ್ತೆ ಆಳಕ್ಕೆ ಹೋಗಿತ್ತು. ಸರ್ಜನ್ ಇನ್ನೊಮ್ಮೆ ಎಲ್ಲವನ್ನೂ ಮೊದಲಿನಿಂದ ಮಾಡಿದರು. ಹೊಸ ಪಟ್ಟಿ ಅಂಟಿಸಿ, ಕೈ ತೊಳೆದುಕೊಂಡು ಬಂದು, ಅತ್ತೆಯ ಎದುರಿಗೇ ಕೂತು ಹೇಳಿದರು. "ನೋಡಿ ಅಮ್ಮ, ಮತ್ತೆ ಯಾರಾದ್ರೂ ಬಿಚ್ಚಿ ಏನಾದ್ರೂ ಹಾಕಿದ್ರೆ ಆಗ್ಲೂ ನನ್ನ ಹತ್ರಾನೇ ಬನ್ನಿ. ಆದ್ರೆ ಆಗ ನಾವು ಮಾತಾಡೋದು ಗಾಯದ ವಿಷಯ ಅಲ್ಲ, ಕಾಲಿನ ವಿಷಯ."

ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಸ್ವಲ್ಪ ದೂರ ಬಂದ ಮೇಲೆ, "ಬರೋರಿಗೆ ಏನಂತ ಹೇಳ್ಲಿ ಮಾರಾಯ?" ಎಂದಳು. ಡಾಕ್ಟರು ಬೇಡ ಅಂದಿದ್ದಾರೆ ಅಂತ ಹೇಳು ಎಂದೆ. ಅತ್ತೆ ನನ್ನ ಮುಖವನ್ನು ಕನಿಕರದಿಂದ ನೋಡಿದಳು. ಡಾಕ್ಟರ ಮಾತನ್ನು ಕೇಳುವ ಜನ ಯಾವ ಊರಿನಲ್ಲಿದ್ದಾರೆ ಎನ್ನುವ ಹಾಗೆ.

ಮನೆಗೆ ಬಂದು ಅತ್ತೆ ಕಾಫಿ ಮಾಡಿದಳು. ನನಗೊಂದು ಲೋಟ, ಅವಳಿಗೊಂದು. ಅವಳು ಲೋಟ ಬಾಯಿಯ ಹತ್ತಿರ ತಂದಿದ್ದಳು. ಪದ್ಮಕ್ಕ ಒಳಗೆ ಬಂದಳು. ಕೈಯಲ್ಲಿ ಅದೇ ಕಾಫಿಪುಡಿಯ ಡಬ್ಬಿ. "ಏನಂದ್ರು? ಎಲ್ಲಿ, ಒಂದ್ಸಲ ಬಿಚ್ಚು, ನೋಡೋಣ" ಎಂದು ಅತ್ತೆಯ ಕಾಲ ಬುಡದಲ್ಲಿ ಕೂತಳು.

ಅತ್ತೆ ಲೋಟವನ್ನು ನೋಡಿದಳು. ನಿಧಾನವಾಗಿ ಕೆಳಗಿಟ್ಟು, ನನ್ನ ಕಡೆಗೆ ಸರಿಸಿದಳು.

"ಇದನ್ನೂ ನೀನೇ ಕುಡಿ. ಮರೆತು ಬೆರೆಸ್ಕೊಂಡೆ. ನಾನು ಕಾಫಿ ಬಿಟ್ಟಿದ್ದೀನಿ."

ಪದ್ಮಕ್ಕ ತಲೆಯೆತ್ತಿದಳು. "ನೀನಾ? ಕಾಫಿನಾ?"

"ಹರಕೆ ಪದ್ಮಕ್ಕ. ಇವತ್ತು ಬೆಳಿಗ್ಗೆ ಹೇಳ್ಕೊಂಡೆ. ಕಾಲು ಉಳಿಸು, ಇನ್ನು ಕಾಫಿ ಮುಟ್ಟಲ್ಲ ಅಂತ. ವಾಸಿಯಾಗೋ ತನಕ ಡಾಕ್ಟ್ರ ಕೈ ಬಿಟ್ಟು ಬೇರೆ ಯಾರ ಕೈಯೂ ಈ ಪಟ್ಟಿಗೆ ತಾಗಬಾರದು ಅಂತಾನೂ ಹೇಳ್ಕೊಂಡಿದ್ದೀನಿ."

ಬೆಳಿಗ್ಗೆ ನಾನು ಅವಳ ಜೊತೆಗೇ ಇದ್ದೆ. ಅವಳು ದೇವರ ಮುಂದೆ ನಿಲ್ಲಲೂ ಇಲ್ಲ. ಬಸ್ಸು ತಪ್ಪುತ್ತದೆ ಎಂದು ನಿಂತಲ್ಲೇ ಕಾಫಿ ಕುಡಿದು ಹೊರಟಿದ್ದಳು.

ಆದರೆ ಪದ್ಮಕ್ಕ ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿದಳು. ಕಾಲ ಬುಡದಿಂದ ಒಂದು ಮೊಳ ಹಿಂದೆ ಸರಿದಳು. ಮನೆಗೆ ಹೋಗಿ ಅರಿಶಿನದ ದಾರ ತಂದು, ಪಟ್ಟಿಗೆ ತಾಗದ ಹಾಗೆ ಪಾದದ ಗಂಟಿಗೆ ಕಟ್ಟಿದಳು. ಮರುದಿನದಿಂದ ಬಾಗಿಲಲ್ಲಿ ಅವಳೇ. "ಹರಕೆ ಕಾಲು. ಬಿಚ್ಚೋ ಹಾಗಿಲ್ಲ, ದೂರದಿಂದ ನೋಡಿ" ಎಂದು ಬಂದವರನ್ನೆಲ್ಲ ತಡೆದಳು. ಹಳದಿ ಇಣುಕಿದರೂ, ವಾಸನೆ ಬಂದರೂ ಅವಳು ಹೆದರಲಿಲ್ಲ. ಕಾಫಿ ಬಿಟ್ಟವಳ ಎದುರಿಗೆ ಕೂತು ಕಾಫಿ ಕುಡಿಯಲು ಬಂದವರಿಗೂ ಗಂಟಲಲ್ಲಿ ಇಳಿಯಲಿಲ್ಲ. ಬೇಡ, ಬೇಡ ಎನ್ನತೊಡಗಿದರು. ಬರುವವರೇ ಕಡಿಮೆಯಾದರು.

ನನಗೆ ಸಿಟ್ಟು ಬಂತು, ಮುಚ್ಚಿಡುವುದೇಕೆ. ಅಷ್ಟು ಓದಿದ ಸರ್ಜನ್ ಕಾಲು ಹೋದೀತು ಎಂದು ಬಿಡಿಸಿ ಹೇಳಿದರೂ ನಡೆಯದ ಮಾತು, ಒಂದು ಸುಳ್ಳು ಹರಕೆಯ ಹೆಸರಿನಲ್ಲಿ ಅರೆಗಳಿಗೆಯಲ್ಲಿ ನಡೆಯಿತಲ್ಲ ಎಂದು. ನೋಯುತ್ತದೆ, ನನ್ನನ್ನು ನನ್ನ ಪಾಡಿಗೆ ಬಿಡಿ ಎಂದು ಆ ಹೆಂಗಸು ತಿಂಗಳುಗಟ್ಟಲೆ ಹಲ್ಲು ಕಚ್ಚಿ ಕೇಳಿದ್ದಳು, ಯಾರ ಕಿವಿಗೂ ಬಿದ್ದಿರಲಿಲ್ಲ. ಅವಳ ನೋವಿಗೆ ಇಲ್ಲದ ಬೆಲೆ ದಾರಕ್ಕೆ ಬಂತು.

ಗಾಯ ಅಂಚಿನಿಂದ ಒಳಕ್ಕೆ ಕೂಡಿಕೊಳ್ಳುತ್ತ ಬಂತು. ಸರ್ಜನ್ ಒಂದು ದಿನ ಪಟ್ಟಿ ತೆಗೆದು ಮತ್ತೆ ಅಂಟಿಸಲಿಲ್ಲ. ಅಲ್ಲಿ ಚಿತ್ರದಲ್ಲಿದ್ದ ಹಾಗೆ ಗುಲಾಬಿಯೇನೂ ಇರಲಿಲ್ಲ. ಅತ್ತೆಯ ಬಣ್ಣಕ್ಕಿಂತ ತುಸು ಕಪ್ಪಾದ, ತೆಳ್ಳನೆಯ, ಹೊಳೆಯುವ ಚರ್ಮವಿತ್ತು. ಕಾಗದನಗರದಲ್ಲಿ ಅದರ ಕೀರ್ತಿಗೆ ಪೈಪೋಟಿ ನಡೆಯಿತು. ಕೆಲವರು ಹರಕೆ ಎಂದರು, ಕೆಲವರು ಬದನೆಕಾಯಿ ಬಿಟ್ಟದ್ದು ಎಂದರು, ಮೊದಲು ಒತ್ತಿದ ಕಾಫಿಪುಡಿ ಒಳಗೆ ಹಿಡಿದಿತ್ತು ಎಂದವರೂ ಇದ್ದರು. ಪಟ್ಟಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಅತ್ತೆ ಆಮೇಲೆ ಬಹಳ ವರ್ಷ ಬದುಕಿದಳು, ಎರಡೂ ಕಾಲಿನ ಮೇಲೆ ನಡೆದುಕೊಂಡೇ. ನಾನು ಹೋದಾಗಲೆಲ್ಲ ನನಗೆ ಕಾಫಿ ಮಾಡುತ್ತಿದ್ದಳು. ಡಿಕಾಕ್ಷನ್ನಿನ ಮುಚ್ಚಳ ತೆಗೆದು, ಕೆಳಗಿಡುವ ಮುಂಚೆ ಒಂದು ಗಳಿಗೆ ಮುಖದ ಹತ್ತಿರ ಹಿಡಿದುಕೊಳ್ಳುತ್ತಿದ್ದಳು. ಒಮ್ಮೆ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಯಾರೂ ಇಲ್ಲ, ಕುಡಿ. ನೀನು ಯಾವ ದೇವರಿಗೂ ಹೇಳ್ಕೊಂಡಿರ್ಲಿಲ್ಲ. ನಂಗೆ ಗೊತ್ತು."

"ಹೌದು ಮಾರಾಯ, ಹೇಳ್ಕೊಂಡಿರ್ಲಿಲ್ಲ" ಎಂದಳು. ಮುಚ್ಚಳ ಕೆಳಗಿಟ್ಟಳು. "ಆದ್ರೆ ಪದ್ಮಕ್ಕ ನಂಬಿದ್ಲಲ್ಲ. ತನ್ನ ಮನೆ ಕೆಲಸ ಬಿಟ್ಟು ಬಂದು ನನ್ನ ಬಾಗ್ಲು ಕಾದ್ಲು. ಈಗ ನಾನು ಕುಡಿದ್ರೆ ಅವಳು ಅಷ್ಟು ದಿನ ಕಾದಿದ್ದು ಏನನ್ನ?"

ಆಗಲೂ ನನಗೆ ಸಿಟ್ಟೇ ಬಂತು. ಅವಳ ಕಾಲು ಅವಳದೇ. ಅದನ್ನು ಮುಟ್ಟಬೇಡಿ ಎನ್ನಲು ತನಗೆ ಉಳಿದಿದ್ದ ಒಂದೇ ಒಂದು ಸುಖವನ್ನು ತೆತ್ತು ಅಪ್ಪಣೆ ಪಡೆಯಬೇಕಾಯಿತು. ಯಾರ ಅಪ್ಪಣೆ? ಪ್ರೀತಿಯಿಂದ ಬಂದವರದು. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ನನಗೆ ಇಷ್ಟು ವರ್ಷವಾದರೂ ಗೊತ್ತಾಗಿಲ್ಲ.

ಶೇಷಗಿರಿಯವರು ಇನ್ನೂ ಬಗ್ಗಿಯೇ ಇದ್ದರು. ಪುಡಿಯನ್ನು ಬೆರಳಲ್ಲಿ ಎತ್ತಿಕೊಂಡಿದ್ದರು. ಈಗ ಕಾಲ ಬದಲಾಗಿದೆ ಎಂದುಕೊಂಡಿದ್ದೆ. ನಮ್ಮೂರ ಪಕ್ಕದ ಸೋಗಾನೆಯಲ್ಲಿ ವಿಮಾನ ಇಳಿಯುತ್ತದೆ, ಆ ಪಟ್ಟಿ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ, ನನ್ನ ಮಣಿಕಟ್ಟಿನ ಮೇಲಿದ್ದದ್ದೂ ಅದೇ. ಸೂಚನೆ ಇವತ್ತಿಗೂ ಕನ್ನಡದಲ್ಲಿಲ್ಲ.

"ಅಂಚಲ್ಲಿ ಹಳದಿ ಕಾಣ್ತಿದೆ ಸಾರ್. ಒಳಗೆ ಕೀವಾಗಿದೆ" ಎಂದರು ಅವರು.

ಅದು ಕೀವಲ್ಲ ಎಂದು ಹೇಳಲು ಬಾಯಿ ತೆರೆದೆ. ಲೋಳೆ, ಹಸಿ, ಹೊಸ ಚರ್ಮ, ಎಲ್ಲವೂ ಬಾಯಿಪಾಠವಾಗಿ ಇನ್ನೂ ನಾಲಿಗೆಯ ತುದಿಯಲ್ಲಿತ್ತು. ಹೇಳಿದೆ. ಅವರು ಪೂರ್ತಿ ಕೇಳಿದರು, ತಲೆಯಾಡಿಸಿದರು. ಆಮೇಲೆ ಪಟ್ಟಿಯ ಅಂಚಿಗೆ ಉಗುರು ಹಾಕಿದರು.

"ಬೇಡ ಶೇಷಗಿರಿಯವರೇ" ಎಂದೆ. "ಹರಕೆ ಇದೆ."

ಅವರ ಕೈ ನಿಂತಿತು. ಹಿಂದಕ್ಕೆ ಸರಿದು, ಪುಡಿಯನ್ನು ಪೊಟ್ಟಣಕ್ಕೆ ಹಾಕಿ, ಮಡಚಿ ಜೇಬಿಗಿಟ್ಟರು. "ಮೊದ್ಲೇ ಹೇಳ್ಬಾರ್ದಾ ಸಾರ್" ಎಂದರು. ದನಿಯಲ್ಲಿ ನಿಜವಾದ ಗೌರವವಿತ್ತು. "ಏನು ಬಿಟ್ಟಿದ್ದೀರಿ?"

ನನ್ನ ಕಣ್ಣು ಕಾಫಿಯ ಕಡೆಗೆ ಹೋಯಿತು. ಎದುರಿಗಿದ್ದ ಲೋಟದಿಂದ ಹಬೆ ಏಳುತ್ತಿತ್ತು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅತ್ತೆಯ ಕತೆ ಅವಳಿಗೂ ಗೊತ್ತು. ನನ್ನ ಮುಖವನ್ನೊಮ್ಮೆ ನೋಡಿದಳು, ಬಂದಳು, ಲೋಟ ಎತ್ತಿಕೊಂಡು ಒಳಗೆ ಹೋದಳು. ನಾನು ತಡೆಯಲಿಲ್ಲ.